ಮಕ್ಕಳ ಗ್ರಾಮಸಭೆಗೆ ತರಗತಿಯನ್ನು ಸಜ್ಜುಗೊಳಿಸುವ ಬಗೆ

ಪ್ರತಿ ವರ್ಷ ನವೆಂಬರ್ ತಿಂಗಳ ಆಸುಪಾಸಿನಲ್ಲಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುತ್ತೋಲೆಯಂತೆ, ರಾಜ್ಯದ ಗ್ರಾಮ ಪಂಚಾಯತಿಗಳು, ಮಕ್ಕಳು ತಮ್ಮ ಬೇಡಿಕೆಗಳನ್ನು ಪಂಚಾಯತಿಯ ಮುಂದಿಡುವ ಮಕ್ಕಳ ಗ್ರಾಮಸಭೆಯನ್ನು ಕರೆಯುತ್ತವೆ. ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ ಅದು ಸ್ವಾಗತ ಗೀತೆಯಿಂದ ಆರಂಭವಾಗಿ, ಗಣ್ಯರ ಭಾಷಣಗಳಲ್ಲಿ ಬೆಳೆದು, ವಂದನಾರ್ಪಣೆ ಮತ್ತು ಬಿಸ್ಕಿಟ್ ಹಂಚಿಕೆಯಲ್ಲಿ ಮುಗಿದುಹೋಗುತ್ತದೆ. ಪೌರನೀತಿಯ ಪಾಠವನ್ನು ಪುಸ್ತಕದಿಂದ ಹೊರಗೆ ತಂದು ಕಲಿಸುವುದಕ್ಕೆ ಹಳ್ಳಿಯ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ವರ್ಷದಲ್ಲಿ ಮತ್ತೊಂದಿಲ್ಲ. ಮಕ್ಕಳು ಕೇಳಿದ ಒಂದು ಬೇಡಿಕೆಯಾದರೂ ನಡಾವಳಿ ಪುಸ್ತಕದಲ್ಲಿ ಸರಿಯಾಗಿ ದಾಖಲಾಗಿ, ಅದಕ್ಕೆ ಉತ್ತರ ಅದೇ ಶೈಕ್ಷಣಿಕ ವರ್ಷದೊಳಗೆ ಅದೇ ತರಗತಿಗೆ ಬಂದರೆ ಸಭೆ ಸಾರ್ಥಕವಾಯಿತು ಎನ್ನಬಹುದು. ಅದಕ್ಕೆ ತರಗತಿಯನ್ನು ಹೇಗೆ ಅಣಿಗೊಳಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಮೊದಲ ಮಾತು, ಸುತ್ತೋಲೆಗಾಗಿ ಕಾಯಬೇಡಿ. ಅದು ಶಾಲೆಗೆ ತಲುಪುವ ಹೊತ್ತಿಗೆ ಸಭೆಯ ದಿನ ನಾಲ್ಕೈದು ದಿನಗಳಷ್ಟೇ ಉಳಿದಿರುವುದುಂಟು. ದಸರಾ ರಜೆ ಮುಗಿದ ಕೂಡಲೇ ಪಂಚಾಯತಿ ಅಭಿವೃದ್ಧಿ ಅಧಿಕಾರಿಯನ್ನು, ಅಂದರೆ ಪಿಡಿಒ ಅವರನ್ನು, ಕಂಡು ಸಭೆಯ ದಿನಾಂಕದ ಬಗ್ಗೆ ವಿಚಾರಿಸಿ, ಹಿಂದಿನ ವರ್ಷದ ಮಕ್ಕಳ ಗ್ರಾಮಸಭೆಯ ನಡಾವಳಿಯನ್ನು ಓದಲು ಕೇಳಿ. ಅದರಲ್ಲಿ ಏನು ಬರೆದಿದೆ, ಯಾವುದಕ್ಕೆ ಕ್ರಮವಾಗಿದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ನವೆಂಬರ್ ತಿಂಗಳಿಗೆ ಇನ್ನೊಂದು ಮಹತ್ವವೂ ಇದೆ. ಏಪ್ರಿಲ್ 1ರಿಂದ ಆರಂಭವಾಗುವ ಮುಂದಿನ ಆರ್ಥಿಕ ವರ್ಷದ ಯೋಜನೆಯನ್ನು ಪಂಚಾಯತಿಗಳು ಚಳಿಗಾಲದಲ್ಲಿ ಸಿದ್ಧಪಡಿಸುವುದರಿಂದ, ಈ ಹೊತ್ತಿನಲ್ಲಿ ಕೇಳಿದ ಬೇಡಿಕೆಗೆ ಕ್ರಿಯಾ ಯೋಜನೆಯೊಳಗೆ ಜಾಗ ಸಿಗುವ ಸಾಧ್ಯತೆ ಹೆಚ್ಚು.

ಊರಿನ ಮಕ್ಕಳು ಯಾರು?

ತರಗತಿಯಲ್ಲಿ ಕೆಲಸವನ್ನು ಹಕ್ಕುಗಳ ಪಟ್ಟಿಯಿಂದ ಆರಂಭಿಸುವ ಬದಲು ಊರಿನ ನಕ್ಷೆಯಿಂದ ಆರಂಭಿಸುವುದು ಒಳ್ಳೆಯದು. ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ಊರನ್ನು ಬರೆಯಿಸಿ, ಓಣಿಗಳನ್ನು, ಗುಡಿ, ಮಸೀದಿ, ಕೆರೆ, ಬಸ್ ನಿಲ್ದಾಣಗಳನ್ನು ಗುರುತಿಸಿದ ಮೇಲೆ, ಪ್ರತಿ ಮಗುವೂ ತನ್ನ ಮನೆಯ ಜಾಗದಲ್ಲಿ ಒಂದು ಕಲ್ಲು ಇಡಲಿ. ಬಳಿಕ, ಶಾಲೆಗೆ ಬಾರದ ಮಕ್ಕಳ ಮನೆಗಳಲ್ಲಿ ಹುಣಸೆ ಬೀಜ ಇಡಲು ಹೇಳಿ. ಊರ ಅಂಚಿನ ತಾಂಡಾ, ಹೊಲದ ಮನೆಗಳು, ಇಟ್ಟಂಗಿ ಭಟ್ಟಿಯ ಪಕ್ಕದ ಗುಡಿಸಲುಗಳು, ಖಾಸಗಿ ಶಾಲೆಯ ವ್ಯಾನು ಹತ್ತುವ ಮಕ್ಕಳು, ನಡೆಯಲಾಗದೆ ಮನೆಯಲ್ಲೇ ಉಳಿದ ಮಗು, ತಂದೆ ತಾಯಿಯ ಜೊತೆ ಗೋವಾಕ್ಕೆ ಗುಳೆ ಹೋದ ಮಕ್ಕಳು, ಇವೆಲ್ಲ ಆಗ ಒಂದೊಂದಾಗಿ ನಕ್ಷೆಯ ಮೇಲೆ ಬರುತ್ತವೆ. ಮಕ್ಕಳ ಗ್ರಾಮಸಭೆಯು ಆ ಪಂಚಾಯತಿ ವ್ಯಾಪ್ತಿಯ 18 ವರ್ಷದೊಳಗಿನ ಎಲ್ಲರದ್ದೇ ಹೊರತು ಸರ್ಕಾರಿ ಶಾಲೆಯ ಏಳನೆಯ ತರಗತಿಯದ್ದಷ್ಟೇ ಅಲ್ಲ ಎಂಬುದನ್ನು ಹೀಗೆ ತೋರಿಸಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಈ ಹಂತದಲ್ಲಿ ಯಾರೋ ಒಬ್ಬರು ಆಧಾರ್ ಕಾರ್ಡ್ ಇದ್ದವರೇ ಭಾರತದ ಪ್ರಜೆಗಳು ಎನ್ನುತ್ತಾರೆ. ಅದನ್ನು ತಿದ್ದಬೇಕು. ಪೌರತ್ವದ ವಿಷಯ ಸಂವಿಧಾನದ 5ರಿಂದ 11ನೆಯ ವಿಧಿಗಳಲ್ಲಿ ಮತ್ತು 1955ರ ಪೌರತ್ವ ಕಾಯ್ದೆಯಲ್ಲಿದೆ. ಆಧಾರ್ ವ್ಯಕ್ತಿಯ ಗುರುತಿಗೆ ಮಾತ್ರ, ಅದು ಪೌರತ್ವದ ಪುರಾವೆ ಅಲ್ಲವೆಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ಮತದಾನಕ್ಕೆ 18 ವರ್ಷ ತುಂಬಬೇಕು ಎಂಬುದೂ ಮಕ್ಕಳಿಗೆ ಗೊತ್ತಿರುತ್ತದೆ, ಆದರೆ ಅದರಿಂದ ತಾವಿನ್ನೂ ಪ್ರಜೆಗಳಲ್ಲ ಎಂದು ಅವರು ಅರ್ಥ ಮಾಡಿಕೊಂಡಿರುತ್ತಾರೆ. ಮತದಾನ ಪ್ರಜೆಯ ಹಲವು ಹಕ್ಕುಗಳಲ್ಲಿ ಒಂದು. 1989ರವರೆಗೆ ಅದಕ್ಕೆ 21 ವರ್ಷ ತುಂಬಬೇಕಿತ್ತು ಎಂದು ಹೇಳಿದರೆ ವಿಷಯ ಬೇಗ ತಿಳಿಯುತ್ತದೆ. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಅಂಗೀಕರಿಸಿದ, 1992ರಲ್ಲಿ ಭಾರತವೂ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಟ್ಟಿದೆ. ಮಕ್ಕಳ ಗ್ರಾಮಸಭೆಗೆ ಬುನಾದಿ ಇದೇ.

ಮೂಲಭೂತ ಕರ್ತವ್ಯಗಳನ್ನು ಬಾಯಿಪಾಠ ಮಾಡಿಸುವುದರಲ್ಲಿ ಹೆಚ್ಚು ಸಮಯ ಕಳೆಯಬೇಡಿ. 1976ರಲ್ಲಿ ಹತ್ತು ಕರ್ತವ್ಯಗಳು ಸಂವಿಧಾನಕ್ಕೆ ಸೇರಿದವು, 2002ರಲ್ಲಿ ಮಕ್ಕಳಿಗೆ ಶಿಕ್ಷಣ ಕೊಡಿಸುವ ಪೋಷಕರ ಕರ್ತವ್ಯ ಹನ್ನೊಂದನೆಯದಾಗಿ ಸೇರಿತು, ಅದೇ ತಿದ್ದುಪಡಿಯೇ 21ಎ ವಿಧಿಯ ಮೂಲಕ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕನ್ನು ಕೊಟ್ಟಿತು ಎಂಬಷ್ಟು ಸಾಕು. ಹಕ್ಕು ಮತ್ತು ಹೊಣೆ ಎರಡೂ ಒಂದೇ ತಿದ್ದುಪಡಿಯಲ್ಲಿ ಬಂದವೆಂಬ ಸಂಗತಿಯೇ ಒಂದು ಪಾಠ. ಊರಿನ ಮಟ್ಟದಲ್ಲಿ ಹೊಣೆಯ ಮಾತು ಬಂದಾಗ ನೀರಿನ ಕರ, ಮನೆಯ ತೆರಿಗೆಗಳ ಪಾವತಿ ಚೀಟಿಯನ್ನು ಮನೆಯಿಂದ ತಂದು ಓದುವಂತೆ ಮಕ್ಕಳಿಗೆ ಹೇಳಬಹುದು. ಆದರೆ ಕಟ್ಟದವರ ಹೆಸರನ್ನು ತರಗತಿಯಲ್ಲಿ ಎತ್ತುವುದು ಸರಿಯಲ್ಲ. ಬಡವರ ಮನೆಯ ಮಗುವನ್ನು ಅದು ತಲೆ ತಗ್ಗಿಸುವಂತೆ ಮಾಡುತ್ತದೆ.

ದೂರನ್ನು ಬೇಡಿಕೆಯಾಗಿಸುವುದು

ಇಡೀ ತಯಾರಿಯಲ್ಲಿ ಹೆಚ್ಚು ಶ್ರಮ ಬೇಡುವುದು, ಹೆಚ್ಚು ಫಲ ಕೊಡುವುದು ಈ ಭಾಗ. ಮಕ್ಕಳಿಗೆ ಏನು ಬೇಕೆಂದು ಕೇಳಿದರೆ ನೀರು, ಶೌಚಾಲಯ, ಕಾಂಪೌಂಡ್, ಆಟದ ಮೈದಾನ, ಬಸ್ಸು ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಆ ಪಟ್ಟಿಯನ್ನು ಹಾಗೆಯೇ ಸಭೆಯಲ್ಲಿ ಓದಿದರೆ ನಡಾವಳಿಯಲ್ಲಿ "ಶಾಲೆಗೆ ಮೂಲಸೌಕರ್ಯ ಒದಗಿಸುವಂತೆ ಮಕ್ಕಳು ಕೋರಿದರು" ಎಂಬ ಒಂದು ಸಾಲು ಉಳಿಯುತ್ತದೆ. ಆ ಸಾಲಿನ ಮೇಲೆ ಯಾರೂ ಯಾವ ಕ್ರಮವನ್ನೂ ಕೈಗೊಳ್ಳಲಾರರು, ಏಕೆಂದರೆ ಯಾರು, ಏನು, ಎಲ್ಲಿ ಮಾಡಬೇಕೆಂಬುದು ಅದರಲ್ಲಿಲ್ಲ.

ಆದ್ದರಿಂದ ಎರಡು ಅಥವಾ ಮೂರು ವಿಷಯಗಳನ್ನಷ್ಟೇ ಆರಿಸಿಕೊಂಡು, ಪ್ರತಿಯೊಂದಕ್ಕೂ ಒಂದು ಗುಂಪನ್ನು ನೇಮಿಸಿ, ಎರಡು ವಾರ ದಿನಚರಿ ಬರೆಯಿಸಿ. ನೀರಿನ ಗುಂಪಾದರೆ, ದಿನವೂ ಶಾಲೆಯ ನಲ್ಲಿಗೆ ಎಷ್ಟು ಗಂಟೆಗೆ ನೀರು ಬಂತು, ಎಷ್ಟು ಹೊತ್ತು ಬಂತು, ಬಿಸಿಯೂಟದ ತಟ್ಟೆ ತೊಳೆಯಲು ಎಲ್ಲಿಂದ ತಂದರು, ಕುಡಿಯಲು ಶುದ್ಧ ನೀರಿನ ಘಟಕ ಆ ದಿನ ನಡೆಯುತ್ತಿತ್ತೇ ಎಂಬ ನಾಲ್ಕು ಕಾಲಂಗಳ ಒಂದು ನೋಟ್‌ಬುಕ್ ಸಾಕು. ಮುಂಡರಗಿಯಂತಹ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ, ಕೊಳವೆಬಾವಿಯ ನೀರು ಇದೆ ಎಂಬ ಉತ್ತರ ಅಲ್ಲಿ ಉತ್ತರವೇ ಆಗುವುದಿಲ್ಲ. ಘಟಕ ಕೆಟ್ಟು ನಿಂತ ದಿನಗಳ ಲೆಕ್ಕವೇ ಮುಖ್ಯ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರಿ ಸಂಘವನ್ನು ಕಟ್ಟಿದ ನೆಲ ಇದು. ಲೆಕ್ಕ ಬರೆದಿಟ್ಟು ಕೇಳುವುದು ಇಲ್ಲಿಯವರಿಗೆ ಹೊಸದೇನಲ್ಲ.

ದಿನಚರಿ ಕೈಯಲ್ಲಿದ್ದರೆ ಮನವಿಯ ಭಾಷೆ ತಾನಾಗಿ ಬದಲಾಗುತ್ತದೆ. "ನಮ್ಮ ಶಾಲೆಗೆ ನೀರಿನ ವ್ಯವಸ್ಥೆ ಮಾಡಿಕೊಡಬೇಕೆಂದು ವಿನಂತಿ" ಎಂಬುದರ ಬದಲು ಹೀಗೆ ಬರೆಯಬಹುದು: "ಶಾಲೆಯ ತೊಟ್ಟಿಗೆ ನೀರು ಬೆಳಗಿನ ಜಾವ ಬಿಡಲಾಗುತ್ತಿದ್ದು, ಆಗ ಗೇಟಿಗೆ ಬೀಗ ಇರುವುದರಿಂದ ತೊಟ್ಟಿ ತುಂಬಿಸುವವರಿಲ್ಲ. ಕಳೆದ ಎರಡು ವಾರಗಳ ದಾಖಲೆಯನ್ನು ಲಗತ್ತಿಸಿದ್ದೇವೆ. ನೀರು ಬಿಡುವ ವೇಳೆಯನ್ನು ಬೆಳಿಗ್ಗೆ ಒಂಬತ್ತೂವರೆಯ ನಂತರಕ್ಕೆ ಬದಲಿಸಲು ನೀರಗಂಟಿಗೆ ಸೂಚನೆ ಕೊಡಬೇಕು." ಇದಕ್ಕೆ ಅನುದಾನ ಬೇಕಿಲ್ಲ, ಮೇಲಧಿಕಾರಿಗಳ ಅನುಮತಿ ಬೇಕಿಲ್ಲ, ಸಭೆಯಲ್ಲೇ ತೀರ್ಮಾನ ಸಾಧ್ಯ. ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷ ಇಂತಹ ಖರ್ಚಿಲ್ಲದ ಬೇಡಿಕೆಯೊಂದನ್ನು ಸೇರಿಸಲೇಬೇಕು, ಏಕೆಂದರೆ ಕೇಳಿದ್ದು ಆಗುತ್ತದೆ ಎಂಬ ನಂಬಿಕೆಯನ್ನು ಮಕ್ಕಳು ಗೆಲುವಿನಿಂದಲೇ ಕಲಿಯುತ್ತಾರೆ.

ಬೇಡಿಕೆ ಯಾರ ಮೇಜಿಗೆ ಹೋಗಬೇಕೆಂಬುದನ್ನು ಮಕ್ಕಳೇ ಹುಡುಕಲಿ. ನೀರು, ಬೀದಿ ದೀಪ, ಚರಂಡಿ, ಗ್ರಾಮ ಪಂಚಾಯತಿಯ ಗ್ರಂಥಾಲಯ ಇವು ನೇರವಾಗಿ ಪಂಚಾಯತಿಯವು. ಆ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ, ಬಾಗಿಲು ತೆರೆಯುವ ವೇಳೆ ಶಾಲೆ ಬಿಡುವ ಹೊತ್ತಿಗೆ ಹೊಂದುವುದೇ ಎಂಬುದನ್ನು ನೋಡಬೇಕು. ಶಾಲೆಯ ಮೇಲೆ ಜೋತುಬಿದ್ದ ತಂತಿ ವಿದ್ಯುತ್ ಪೂರೈಸುವ ಹೆಸ್ಕಾಂಗೆ ಸೇರಿದ್ದು. ಬಸ್ಸು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು. ಪಂಚಾಯತಿ ಬಸ್ಸು ಬಿಡಲಾರದು, ಆದರೆ ಠರಾವು ಮಾಡಿ ಡಿಪೋ ವ್ಯವಸ್ಥಾಪಕರಿಗೆ ಕಳಿಸಬಲ್ಲದು. "ಬಸ್ಸು ಬಿಡಿ" ಎನ್ನದೆ "ಸಂಜೆಯ ಬಸ್ಸಿನ ವೇಳೆ ಬದಲಿಸುವಂತೆ ಠರಾವು ಮಾಡಿ ಡಿಪೋಗೆ ಕಳಿಸಿ" ಎಂದು ಕೇಳಿದ ಮಗುವಿಗೆ ಆಡಳಿತದ ಅರ್ಧ ಪಾಠ ಬಂದಂತೆಯೇ.

ಹಾವೇರಿ ಜಿಲ್ಲೆಯವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಹತ್ತಿ, ಬ್ಯಾಡಗಿ ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಹಾಜರಿ ಕುಸಿಯುತ್ತದೆ, ಹಿರಿಯ ಹುಡುಗಿಯರು ತಮ್ಮ ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ಇದನ್ನು ಪೋಷಕರ ಮೇಲಿನ ದೂರಾಗಿ ಮಂಡಿಸಿದರೆ ಸಭೆಯಲ್ಲಿ ಜಗಳವೇ ಆದೀತು. ಆ ತಿಂಗಳುಗಳಲ್ಲಿ ಅಂಗನವಾಡಿಯ ವೇಳೆಯನ್ನು ಸಂಜೆಯವರೆಗೆ ಮುಂದುವರಿಸಲು ಸಾಧ್ಯವೇ ಎಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೇಲ್ವಿಚಾರಕಿಯನ್ನು ಕೇಳಿದರೆ ಮಾತು ಮುಂದುವರಿಯುತ್ತದೆ.

ಸಭೆಯ ದಿನ

ಮಾತಾಡುವವರನ್ನು ಆರಿಸುವಾಗ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಪಡೆದವರನ್ನೇ ಮುಂದೆ ನಿಲ್ಲಿಸುವ ಮೋಹವನ್ನು ಬಿಡಬೇಕು. ದಿನಚರಿ ಬರೆದ ಮಗುವೇ ಮಾತಾಡಲಿ, ಬರೆದುಕೊಟ್ಟ ಗ್ರಾಂಥಿಕ ಭಾಷೆಯ ಬದಲು ಮನೆಯ ಮಾತಿನಲ್ಲೇ ಹೇಳಲಿ. ಮುಂಚಿತವಾಗಿ ತರಗತಿಯಲ್ಲೊಮ್ಮೆ ಅಣಕು ಸಭೆ ನಡೆಸಿ, ಶಿಕ್ಷಕರೇ ಅಧ್ಯಕ್ಷರ ಪಾತ್ರ ವಹಿಸಿ, ಸಭೆಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರವನ್ನೇ ಕೊಡಬೇಕು: "ಆತು ತಂಗಿ, ನೋಡ್ತೀವಿ, ಮಾಡಸ್ತೀವಿ." ಅದಕ್ಕೆ ಮಗು ಕುಳಿತುಕೊಳ್ಳಬಾರದು. "ಯಾವಾಗ ಮಾಡಸ್ತೀರಿ ಸರ? ಆ ತಾರೀಖ ನಡಾವಳಿಯೊಳಗ ಬರಸ್ರಿ" ಎಂದು ವಿನಯದಿಂದ, ಆದರೆ ನಿಂತೇ ಕೇಳುವುದನ್ನು ರೂಢಿಸಬೇಕು. ಮನವಿಯ ಎರಡು ಪ್ರತಿಗಳನ್ನು ಒಯ್ದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಸಹಿ ಮತ್ತು ಮೊಹರು ಪಡೆಯಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಮರೆಯಬಾರದು. ಹೊಡೆತ, ಲೈಂಗಿಕ ಕಿರುಕುಳ, ಮನೆಯಲ್ಲಿ ನಡೆದ ಬಾಲ್ಯವಿವಾಹದ ಮಾತುಕತೆ, ಇಂತಹವನ್ನು ಯಾವ ಮಗುವೂ ಸಭೆಯಲ್ಲಿ ಎದ್ದು ನಿಂತು ಹೇಳುವ ಪರಿಸ್ಥಿತಿ ಬರಬಾರದು. ಅದಕ್ಕಾಗಿ ಒಂದು ವಾರ ಮೊದಲೇ ಶಾಲೆಯಲ್ಲಿ ಬೀಗ ಹಾಕಿದ ಪೆಟ್ಟಿಗೆ ಇಟ್ಟು, 1098 ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಯಿಸಬೇಕು. ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದುಬಂದರೆ, 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ಪೊಲೀಸರಿಗೆ ತಿಳಿಸುವುದು ತಿಳಿದವರ ಕಡ್ಡಾಯ ಹೊಣೆ. ಮಗುವಿನ ಗುರುತು ಎಲ್ಲಿಯೂ ಹೊರಬರಬಾರದು. ಊರಿನ ಹಿರಿಯರು ಕುಳಿತು ಬಗೆಹರಿಸುವ ವಿಷಯ ಅದಲ್ಲ.

ಸಭೆ ಮುಗಿದ ಮೇಲೆ

ಹದಿನೈದು ದಿನ ಬಿಟ್ಟು ಇಬ್ಬರು ಮಕ್ಕಳು, ಜೊತೆಗೆ ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿಯ (ಎಸ್‌ಡಿಎಂಸಿ) ಒಬ್ಬ ಸದಸ್ಯರು ಪಂಚಾಯತಿಗೆ ಹೋಗಿ ನಡಾವಳಿಯ ಪ್ರತಿ ಕೇಳಬೇಕು. ಹೆಚ್ಚಿನ ಕಡೆ ಕೇಳಿದರೆ ಕೊಡುತ್ತಾರೆ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಸರ್ಕಾರಿ ಶಿಕ್ಷಕರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಲು ಹಿಂಜರಿಯುವುದು ಸಹಜವಾದ್ದರಿಂದ, ಪೋಷಕರೊಬ್ಬರು ಹಾಕುವುದು ಅನುಕೂಲ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಪ್ರತಿ ಪುಟದ ನಕಲಿಗೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಮೂವತ್ತು ದಿನಗಳಲ್ಲಿ ಉತ್ತರ ಬರದಿದ್ದರೆ ಮತ್ತೆ ಮೂವತ್ತು ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಈ ಅರ್ಜಿಯನ್ನು ತರಗತಿಯಲ್ಲೇ, ಮಕ್ಕಳ ಎದುರಿಗೇ ಬರೆಯುವುದು ಒಳ್ಳೆಯದು.

ಹುಬ್ಬಳ್ಳಿ-ಧಾರವಾಡ ನಗರದ ಶಾಲೆಗಳಿಗೆ ಗ್ರಾಮಸಭೆ ಇಲ್ಲ, ಆದರೆ ದಿನಚರಿ, ಎರಡು ಪ್ರತಿಯ ಮನವಿ, ಸ್ವೀಕೃತಿ ಇವೆಲ್ಲ ಮಹಾನಗರ ಪಾಲಿಕೆಯ ವಲಯ ಕಚೇರಿಯಲ್ಲೂ ನಡೆಯುತ್ತವೆ; ಶಾಲೆ ಯಾವ ವಾರ್ಡಿಗೆ ಸೇರಿದೆ ಎಂಬುದನ್ನು ಮೊದಲು ಪತ್ತೆ ಮಾಡಬೇಕು.

ಆಗದೆ ಉಳಿದ ಬೇಡಿಕೆಗಳನ್ನು, ಸಿಕ್ಕ ಉತ್ತರ ಮತ್ತು ತಾರೀಖುಗಳ ಸಮೇತ, ನೋಟ್‌ಬುಕ್‌ನ ಕೊನೆಯ ಪುಟಗಳಲ್ಲಿ ಬರೆದು ಮಾರ್ಚ್ ತಿಂಗಳಲ್ಲಿ ಕೆಳಗಿನ ತರಗತಿಗೆ ಒಪ್ಪಿಸಿ. ಪಿಡಿಒ ವರ್ಗವಾಗಬಹುದು, ಅಧ್ಯಕ್ಷರು ಬದಲಾಗಬಹುದು, ಏಳನೆಯ ತರಗತಿಯವರು ಬೇರೆ ಊರಿನ ಪ್ರೌಢಶಾಲೆಗೆ ಹೋಗುತ್ತಾರೆ. ಆದ್ದರಿಂದ ಮುಂದಿನ ಸಭೆಯಲ್ಲಿ ಹೊಸ ಬೇಡಿಕೆ ಮಂಡಿಸುವ ಮೊದಲು ಆ ಬಾಕಿ ಪಟ್ಟಿಯನ್ನು ಓದಿ, ಒಂದೊಂದಕ್ಕೂ ಏನು ಕ್ರಮವಾಯಿತೆಂಬ ಅನುಪಾಲನಾ ವರದಿ ಕೇಳಬೇಕು.