ಕೈಗೆಟುಕುವ ಖರ್ಚಿನಲ್ಲಿ ಕಾರು ತಗ್ಗಿಸುವುದು ಹೇಗೆ?

ಟೈರಿಗೂ ಫೆಂಡರಿಗೂ ನಡುವೆ ನಾಲ್ಕು ಬೆರಳು ಜಾಗ ಕಂಡರೆ ಕೆಲವರಿಗೆ ಸಮಾಧಾನವೇ ಇರುವುದಿಲ್ಲ. ಅದು ಎರಡು ಬೆರಳಿಗೆ ಇಳಿದರೆ ಅದೇ ಕಾರು ಬೇರೆಯೇ ಕಾಣುತ್ತದೆ. ತಿರುವಿನಲ್ಲಿ ವಾಲುವುದೂ ಕಡಿಮೆಯಾಗುತ್ತದೆ. ಆಸೆ ತಪ್ಪಲ್ಲ. ಆದರೆ ಕಡಿಮೆ ಖರ್ಚು ಅಂದ ಕೂಡಲೇ ಬಹಳ ಜನ ಹೋಗುವುದು ಗ್ಯಾಸ್ ಕಟ್ಟರ್ ಹಿಡಿದು ಸ್ಪ್ರಿಂಗ್ ಕತ್ತರಿಸಿ ಕೊಡುವ ಗ್ಯಾರೇಜಿಗೆ. ಕೆಲಸ ಕೆಡುವುದು ಅಲ್ಲಿಂದಲೇ. ದುಡ್ಡು ಸ್ವಲ್ಪವೇ ಇದ್ದರೂ ಯಾವುದಕ್ಕೆ ಮೊದಲು ಹಾಕಬೇಕು ಎಂದು ಗೊತ್ತಿದ್ದರೆ ಚೆನ್ನಾಗಿ ಮಾಡಬಹುದು. ಎಲ್ಲ ಊರಲ್ಲೂ ಕಾಣುವ ಮಾರುತಿ ಸ್ವಿಫ್ಟ್ ಅನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಅಳತೆ

ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಜಾಗ, 163 ಮಿ.ಮೀ. ಅದು ಖಾಲಿ ಕಾರಿನ ಲೆಕ್ಕ. 30 ಮಿ.ಮೀ. ಇಳಿಸಿದರೆ ಉಳಿಯುವುದು 133. ಐದು ಜನ ಕೂತು, ಡಿಕ್ಕಿಯಲ್ಲಿ ಲಗೇಜ್ ಇಟ್ಟರೆ ಇನ್ನೂ ಮೂರ್ನಾಲ್ಕು ಸೆಂಟಿಮೀಟರ್ ಹೋಗುತ್ತದೆ.

ಇನ್ನು ಹಂಪ್ಸ್. ರಸ್ತೆಗಳಿಗೆ ಮಾನದಂಡ ಹಾಕುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, ಕಾರು ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ. ಸ್ವಿಫ್ಟ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2.45 ಮೀಟರ್. ಲೆಕ್ಕ ಹಾಕಿ ನೋಡಿ: ಅಂಥ ಹಂಪ್ ಮೇಲೆ ಕಾರು ನಿಧಾನವಾಗಿ ದಾಟುವಾಗ ನಾಲ್ಕೂ ಚಕ್ರಗಳು ಹಂಪ್ ಮೇಲೇ ಏರಿರುವುದರಿಂದ ಹೊಟ್ಟೆಯ ಕೆಳಗೆ ಬೇಕಾಗುವುದು ಸುಮಾರು 4.5 ಸೆಂ.ಮೀ. ಜಾಗ ಮಾತ್ರ. ಅಂದರೆ ನಿಯಮದ ಪ್ರಕಾರ ಹಾಕಿದ ಹಂಪ್ ತಗ್ಗಿಸಿದ ಕಾರಿಗೂ ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು ಬಡಾವಣೆಯವರೇ ರಾತ್ರೋರಾತ್ರಿ ಸಿಮೆಂಟ್ ಸುರಿದು ಎಬ್ಬಿಸಿದ ದಿಬ್ಬಗಳಲ್ಲಿ. ಅಗಲ ಎರಡು ಅಡಿಯೂ ಇಲ್ಲ, ಎತ್ತರಕ್ಕೆ ಲೆಕ್ಕವಿಲ್ಲ. ನೀವು ದಿನಾ ಓಡಾಡುವ ದಾರಿಯಲ್ಲಿ ಅಂಥವು ಎಷ್ಟಿವೆ, ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಳಿಜಾರು ಹೇಗಿದೆ, ಒಮ್ಮೆ ಟೇಪ್ ಹಿಡಿದು ನೋಡಿ ಬನ್ನಿ. ನನ್ನ ಮಾತು ಕೇಳುವುದಾದರೆ ದಿನಬಳಕೆಯ ಕಾರಿಗೆ 25ರಿಂದ 30 ಮಿ.ಮೀ. ಸಾಕು. 40 ದಾಟಿದರೆ ನಮ್ಮ ರಸ್ತೆಗಳಲ್ಲಿ ನೆಮ್ಮದಿ ಇರುವುದಿಲ್ಲ.

ಈಗಿನ ಎತ್ತರವನ್ನು ನಾಲ್ಕೂ ಕಡೆ ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚುಕಡಿಮೆಯಾದರೆ ಲೆಕ್ಕ ತಪ್ಪುತ್ತದೆ. ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಅಳೆಯಿರಿ.

ಆಮೇಲೆ ಕಾನೂನು

ಇದನ್ನು ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. 182ಎ ಕಲಂನಲ್ಲಿ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಿದೆ. ಸಸ್ಪೆನ್ಶನ್ (ಸ್ಪ್ರಿಂಗ್, ಶಾಕ್ ಸೇರಿ ಕಾರನ್ನು ಚಕ್ರದ ಮೇಲೆ ಹೊರುವ ಭಾಗಗಳು) ಬದಲಾವಣೆಯನ್ನೂ ಅಧಿಕಾರಿಗಳು ಈ ಲೆಕ್ಕಕ್ಕೆ ಸೇರಿಸಬಹುದು. ಹಾಗಾಗಿ ದುಡ್ಡು ಕೊಡುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಮುಚ್ಚಿಟ್ಟರೆ ಅಪಘಾತವಾದಾಗ ಕ್ಲೇಮ್ ಕೈತಪ್ಪಬಹುದು. ವಾರಂಟಿ ಬಾಕಿ ಇರುವ ಕಾರಾದರೆ ಅದು ಮುಗಿಯುವವರೆಗೆ ಕಾಯುವುದೇ ಒಳ್ಳೆಯದು.

ಆರ್‌ಟಿಒ ಆಗದು ಎಂದರೆ? ಮುಂದಿನ ಹೆಜ್ಜೆಯಲ್ಲೇ ನಿಲ್ಲಿಸಿ. ಅದರಿಂದಲೂ ಸಾಕಷ್ಟು ಲಾಭವಿದೆ.

ಹಳೆಯದನ್ನು ಸರಿಮಾಡಿ

ಸಣ್ಣ ಕಾರಿನ ಭಾರಕೇಂದ್ರ ನೆಲದಿಂದ ಅರ್ಧ ಮೀಟರಿಗಿಂತ ಸ್ವಲ್ಪ ಮೇಲಿದೆ ಎಂದಿಟ್ಟುಕೊಳ್ಳಿ. 3 ಸೆಂ.ಮೀ. ಇಳಿಸಿದರೆ, ತಿರುವಿನಲ್ಲಿ ಹೊರಬದಿಯ ಚಕ್ರಗಳಿಗೆ ವರ್ಗವಾಗುವ ಭಾರ ಕಡಿಮೆಯಾಗುವುದು ನೂರಕ್ಕೆ ಐದಾರು ಪಾಲು ಅಷ್ಟೇ. ಸುಸ್ತಾದ ಶಾಕ್ ಅಬ್ಸಾರ್ಬರ್ (ಸ್ಪ್ರಿಂಗಿನ ಕುಣಿತ ತಡೆಯುವ ಕೊಳವೆ), ಸೀಳಿದ ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್), ಗಟ್ಟಿಯಾದ ಟೈರ್ ಇವುಗಳಿಂದ ಆಗುವ ನಷ್ಟ ಅದಕ್ಕಿಂತ ತುಂಬಾ ಜಾಸ್ತಿ.

ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಿ. ಶಾಕ್ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದೆಯೇ? ಟೈರಿನ ಮೇಲೆ ಕೈ ಆಡಿಸಿದಾಗ ಅಲ್ಲಲ್ಲಿ ತಗ್ಗು ಸಿಗುತ್ತದೆಯೇ? ಹಾಗಿದ್ದರೆ ಶಾಕ್ ಬದಲಿಸುವ ಕಾಲ ಬಂದಿದೆ. ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಕೈ) ಬುಷ್, ಸ್ಟ್ರಟ್ ಮೌಂಟ್ (ಮುಂದಿನ ಶಾಕಿನ ತಲೆ ಕೂರುವ ಜಾಗ), ಲಿಂಕ್ ರಾಡ್ (ವಾಲುವುದನ್ನು ತಡೆಯುವ ಸರಳಿನ ಕೊಂಡಿ) ಅಲ್ಲಾಡುತ್ತಿದ್ದರೆ ಅವನ್ನೂ ಬದಲಿಸಿ. ಗೇಬ್ರಿಯಲ್‌ನಂಥ ನಮ್ಮಲ್ಲೇ ತಯಾರಾಗುವ ಶಾಕ್‌ಗಳು ಹೆಚ್ಚು ದುಬಾರಿಯಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೆಲೆ ಇನ್ನೂ ಕಡಿಮೆಗೆ ಸಿಗಬಹುದು, ಆದರೆ ಬಿಲ್ ಇಲ್ಲದೆ ತರಬೇಡಿ. ನಕಲಿ ಮಾಲು ಡಬ್ಬಿ ನೋಡಿದರೆ ಗೊತ್ತಾಗುವುದಿಲ್ಲ.

ಟೈರಿನಲ್ಲೂ ಒಂದು ಉಪಾಯವಿದೆ. ಸ್ವಿಫ್ಟ್‌ನ ಕೆಳಗಿನ ಮಾಡೆಲ್‌ಗೆ 165/80 ಆರ್14, ಮೇಲಿನದಕ್ಕೆ 185/65 ಆರ್15 ಬರುತ್ತದೆ (ಮೊದಲ ಅಂಕಿ ಮಿ.ಮೀ.ನಲ್ಲಿ ಅಗಲ, ಎರಡನೆಯದು ಆ ಅಗಲದ ನೂರಕ್ಕೆ ಎಷ್ಟು ಪಾಲು ಪಕ್ಕದ ರಬ್ಬರ್ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್). ಎರಡರ ಒಟ್ಟು ಎತ್ತರ ಹೆಚ್ಚುಕಮ್ಮಿ ಒಂದೇ. ಆದರೆ ಎರಡನೆಯದರ ಪಕ್ಕದ ರಬ್ಬರ್ 12 ಮಿ.ಮೀ. ಗಿಡ್ಡ, ಅಗಲ 20 ಮಿ.ಮೀ. ಜಾಸ್ತಿ. ಕಂಪನಿಯೇ ಕೊಡುವ ಅಳತೆ ಇದು. 15 ಇಂಚಿನ ರಿಮ್ ಸಮೇತ ಇದನ್ನು ಹಾಕಿದರೆ ಎತ್ತರ ಇಳಿಯದಿದ್ದರೂ ಕಾರು ಮೊದಲಿಗಿಂತ ಬಿಗಿಯಾಗಿ ತಿರುಗುತ್ತದೆ.

ಸ್ಪ್ರಿಂಗ್ ಆರಿಸುವುದು

ಕತ್ತರಿಸಿದ ಸ್ಪ್ರಿಂಗ್ ಯಾಕೆ ಬೇಡ ಎಂದು ಸರಿಯಾಗಿ ತಿಳಿದುಕೊಳ್ಳೋಣ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ತೆಗೆದರೆ ಅದರ ಬಿಗಿ ನೂರಕ್ಕೆ 20ರಷ್ಟು ಏರುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಎಷ್ಟು ಇಳಿಯಿತೋ ಅದಕ್ಕೆ ತಕ್ಕ ಬಿಗಿ ಅದಲ್ಲ. ತುದಿಯ ಆಕಾರವೂ ಹೋಗುತ್ತದೆ, ಹಾಗಾಗಿ ಕೂರುವ ತಟ್ಟೆಯಲ್ಲಿ ಅದು ಸರಿಯಾಗಿ ಕೂರುವುದಿಲ್ಲ. ಚಕ್ರ ದೊಡ್ಡ ಗುಂಡಿಗೆ ಇಳಿದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯಬಹುದು. ಬಿಸಿ ಮಾಡಿ ಇಳಿಸುವುದು ಇನ್ನೂ ಕೆಟ್ಟದ್ದು. ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದ ಆ ಬೆಂಕಿಯಲ್ಲಿ ಹೋಗುತ್ತದೆ. ಒಂದು ಕಡೆ ಬೇಗ ಕುಸಿಯುತ್ತದೆ, ಇಲ್ಲವೇ ತುಂಡಾಗುತ್ತದೆ. ಇದನ್ನು ಯಾರೇ ಹೇಳಿದರೂ ಮಾಡಿಸಬೇಡಿ.

ಅದರ ಬದಲು ನಿಮ್ಮ ಮಾಡೆಲ್‌ಗೆಂದೇ ಮಾಡಿದ ಲೋವರಿಂಗ್ ಸ್ಪ್ರಿಂಗ್, ಅಂದರೆ ಕಾರು ತಗ್ಗಿಸಲೆಂದೇ ಗಿಡ್ಡವಾಗಿ ಮಾಡಿದ ಸ್ಪ್ರಿಂಗ್, ತೆಗೆದುಕೊಳ್ಳಿ. ಐಬಾಕ್, ಎಚ್ ಅಂಡ್ ಆರ್, ಕೋಬ್ರಾ ಇವು ಈ ಕ್ಷೇತ್ರದಲ್ಲಿ ಹೆಸರಾದ ಬ್ರ್ಯಾಂಡ್‌ಗಳು. ಯಾವುದೇ ಆಗಲಿ, ಪಾರ್ಟ್ ನಂಬರ್ ನಿಮ್ಮ ಕಾರಿನ ವರ್ಷಕ್ಕೂ ಎಂಜಿನ್‌ಗೂ ಹೊಂದಬೇಕು. 2020ರವರೆಗೆ ಬಂದ ಡೀಸೆಲ್ ಸ್ವಿಫ್ಟ್‌ನ ಮುಂಭಾಗ ಪೆಟ್ರೋಲಿನದಕ್ಕಿಂತ ಭಾರ. ಪೆಟ್ರೋಲ್ ಸ್ಪ್ರಿಂಗ್ ಅದಕ್ಕೆ ಹಾಕಿದರೆ ಮೂತಿ ಇನ್ನಷ್ಟು ಬಗ್ಗುತ್ತದೆ. ಅಂಗಡಿಯವರನ್ನು ಕೇಳಬೇಕಾದ ಇನ್ನೊಂದು ಮಾತು: ಚಕ್ರ ಪೂರ್ತಿ ಕೆಳಗೆ ಜೋತಾಗಲೂ ಸ್ಪ್ರಿಂಗ್ ಬಿಗಿಯಾಗಿಯೇ ಇರುತ್ತದೆಯೇ? ಇಲ್ಲ ಎಂದರೆ ಆ ಸೆಟ್ ಬೇಡ.

ಶಾಕ್ ವಿಷಯದಲ್ಲಿ ಎರಡು ದಾರಿ. ಶಾಕ್ ಹೊಸದಿದ್ದು, ಇಳಿಸುವುದು 25 ಮಿ.ಮೀ. ಆಸುಪಾಸು ಇದ್ದರೆ ಅದೇ ನಡೆಯುತ್ತದೆ. ಸ್ವಲ್ಪ ಬೇಗ ಸವೆಯುತ್ತದೆ, ಅಷ್ಟೇ. 60 ಸಾವಿರ ಕಿ.ಮೀ. ಓಡಿದ ಶಾಕ್ ಆದರೆ ಒಟ್ಟಿಗೇ ಬದಲಿಸಿ, ಬಿಚ್ಚುವ ಕೂಲಿಯಾದರೂ ಒಂದೇ ಸಲ ಆಗುತ್ತದೆ. ಗಿಡ್ಡ ಸ್ಪ್ರಿಂಗಿಗೆಂದೇ ಮಾಡಿದ ಶಾಕ್‌ಗಳೂ ಇವೆ. ಬಿಲ್‌ಸ್ಟೈನ್ ಕಂಪನಿಯ ಶಾಕ್‌ಗಳಲ್ಲಿ ಬಿ6 ಮಾಮೂಲಿ ಎತ್ತರಕ್ಕೆ, ಬಿ8 ತಗ್ಗಿಸಿದ ಕಾರಿಗೆ.

ಕಾಯಿಲೋವರ್ ಸೆಟ್ (ಸ್ಪ್ರಿಂಗ್, ಶಾಕ್ ಎರಡೂ ಒಟ್ಟಿಗೆ ಬರುವ, ಎತ್ತರ ಹೊಂದಿಸಬಹುದಾದ ಜೋಡಿ) ಬಗ್ಗೆ ಆಸೆ ಇರುವವರು ಬಹಳ. ಎತ್ತರವನ್ನು ಬೇಕಾದಂತೆ ತಿರುಗಿಸಬಹುದು, ನಿಜ. ಆದರೆ ಅಗ್ಗದ ಸೆಟ್‌ಗಳಲ್ಲಿ ಸ್ಪ್ರಿಂಗಿಗೂ ಶಾಕಿಗೂ ಹೊಂದಾಣಿಕೆ ಇರುವುದು ಕಡಿಮೆ. ಕರಾವಳಿ, ಮಲೆನಾಡಿನ ಮಳೆಗೆ ತಿರುಪಿನ ಥ್ರೆಡ್‌ಗಳು ತುಕ್ಕು ಹಿಡಿದರೆ ತಿರುಗಿಸಲೂ ಆಗುವುದಿಲ್ಲ. ಒಳ್ಳೆಯದಕ್ಕೆ ದುಡ್ಡಿಲ್ಲದಿದ್ದರೆ ಅಗ್ಗದ ಕಾಯಿಲೋವರಿಗಿಂತ ಒಳ್ಳೆಯ ಸ್ಪ್ರಿಂಗೇ ಮೇಲು.

ತೀರಾ ಇಳಿಸಿದರೆ ಇನ್ನೊಂದು ತೊಂದರೆಯಿದೆ. ಸ್ವಿಫ್ಟ್‌ನ ಮುಂಭಾಗದಲ್ಲಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಮೇಲೆ ಸ್ಪ್ರಿಂಗ್ ಸುತ್ತಿದ ಶಾಕ್, ಕೆಳಗೆ ಲೋಯರ್ ಆರ್ಮ್ ಸೇರಿ ಚಕ್ರ ಹಿಡಿಯುವ ಜೋಡಣೆ. ಲೋಯರ್ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲೆದ್ದು ನಿಂತರೆ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಭಾರಕೇಂದ್ರಕ್ಕಿಂತ ಬೇಗ ಕೆಳಗೆ ಹೋಗುತ್ತದೆ. ಆಗ ವಾಲಿಸುವ ಬಲ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ನೆಲಕ್ಕೆ ಅಂಟಿದಂತೆ ಕಾಣುವ ಎಷ್ಟೋ ಕಾರುಗಳು ತಿರುವಿನಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ.

ಜೋಡಿಸುವಾಗ

ಹಿಂದಿನ ಸ್ಪ್ರಿಂಗ್ ಸುಲಭ, ಶಾಕಿನಿಂದ ಬೇರೆಯಾಗಿಯೇ ಕೂತಿರುತ್ತದೆ. ಮುಂದಿನದು ಹಾಗಲ್ಲ. ಅಲ್ಲಿ ಸ್ಪ್ರಿಂಗನ್ನು ಸ್ಪ್ರಿಂಗ್ ಕಂಪ್ರೆಸರ್ ಎಂಬ ಉಪಕರಣದಿಂದ ಅದುಮಿ ಹಿಡಿದು ಬಿಚ್ಚಬೇಕು. ಜಾರಿದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಕೈಹಾಕಬೇಡಿ, ಒಳ್ಳೆಯ ಕಂಪ್ರೆಸರ್ ಇರುವ ಮೆಕ್ಯಾನಿಕ್ ಹತ್ತಿರ ಹೋಗಿ.

ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಂತು ಒಂದು ವಿಷಯ ಗಮನಿಸಿ. ಲೋಯರ್ ಆರ್ಮ್ ಬುಷ್‌ನ ಬೋಲ್ಟ್ ಸಡಿಲಿಸಿದ್ದರೆ, ಅದನ್ನು ಕೊನೆಯದಾಗಿ ಬಿಗಿಮಾಡಬೇಕಾದದ್ದು ಚಕ್ರಗಳು ನೆಲ ಮುಟ್ಟಿ ಕಾರಿನ ಭಾರ ಬಿದ್ದ ಮೇಲೆ. ಲಿಫ್ಟ್ ಮೇಲೆ ಜೋತಾಡುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಸೀಳುತ್ತದೆ. ಅವಸರದಲ್ಲಿ ಇದನ್ನು ಬಿಡುವ ಗ್ಯಾರೇಜ್‌ಗಳು ಜಾಸ್ತಿ.

ಎತ್ತರ ಇಳಿದ ಕೂಡಲೇ ಚಕ್ರದ ಕೋನಗಳು ಬದಲಾಗುತ್ತವೆ. ಅವನ್ನು ಸರಿಹೊಂದಿಸುವ ಅಲೈನ್‌ಮೆಂಟ್ ಅವತ್ತೇ ಮಾಡಿಸಿ. ಸ್ಪ್ರಿಂಗ್ ಹದಕ್ಕೆ ಕೂತ ಮೇಲೆ, ಅಂದರೆ ಐನೂರು ಕಿ.ಮೀ. ಓಡಿದ ನಂತರ, ಮತ್ತೊಮ್ಮೆ ನೋಡಿಸಿ. ಹೆಡ್‌ಲೈಟ್ ಬೀಳುವ ಎತ್ತರವನ್ನೂ ಹೊಂದಿಸಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಟೈರ್ ಎಲ್ಲಾದರೂ ಉಜ್ಜುತ್ತದೆಯೇ, ಚಕ್ರಕ್ಕೆ ಹೋಗುವ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ನೋಡುವ ವ್ಯವಸ್ಥೆ) ವೈರ್ ಎಳೆದುಕೊಳ್ಳುತ್ತದೆಯೇ ಪರೀಕ್ಷಿಸಿ.

ಶಾಕ್ ಒಳಗೆ ಎಷ್ಟು ಜಾಗ ಉಳಿದಿದೆ ಎಂದು ತಿಳಿಯಲು ಸುಮ್ನೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಸಾಕು. ಶಾಕಿಗೆ ಧೂಳು ತಡೆಯಲು ಹಾಕಿರುವ ರಬ್ಬರನ್ನು ಮೇಲಕ್ಕೆ ಸರಿಸಿ, ಒಳಗಿನ ಹೊಳೆಯುವ ರಾಡಿಗೆ ಟೈ ಕಟ್ಟಿ ಕೆಳಕ್ಕೆ ತಳ್ಳಿ. ಮನೆಮಂದಿಯನ್ನು ಕೂರಿಸಿಕೊಂಡು ಮಾಮೂಲಿ ದಾರಿಯಲ್ಲಿ ಹೋಗಿ ಬನ್ನಿ. ಟೈ ರಾಡಿನ ಮೇಲೆ ಎಲ್ಲಿಯವರೆಗೆ ಏರಿದೆಯೋ ಶಾಕ್ ಅಲ್ಲಿಯವರೆಗೆ ಅದುಮಿದೆ ಎಂದರ್ಥ. ಅದು ಮೇಲಿನ ಬಂಪ್ ಸ್ಟಾಪ್‌ಗೆ (ಶಾಕ್ ಪೂರ್ತಿ ಅದುಮದಂತೆ ತಡೆಯುವ ರಬ್ಬರ್) ಹೋಗಿ ಒತ್ತಿಕೊಂಡಿದ್ದರೆ ನಿಮ್ಮ ಬಳಕೆಗೆ ಕಾರು ಜಾಸ್ತಿಯೇ ಇಳಿದಿದೆ.

ಬಿಚ್ಚಿದ ಹಳೆ ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕಬೇಡಿ. ಎಡ, ಬಲ, ಮುಂದೆ, ಹಿಂದೆ ಎಂದು ಗುರುತು ಬರೆದು, ಗ್ರೀಸ್ ಸವರಿ ಅಟ್ಟದ ಮೇಲಿಡಿ. ಕಾರು ಮಾರುವಾಗ ಹೊಸಬರು ಕೇಳುವುದು ಕಂಪನಿ ಸ್ಪ್ರಿಂಗನ್ನೇ.