ಚಾರ್ಜ್ ಇರುವ, ತಿರುಗುವ ಕಪ್ಪುಕುಳಿಯ ಲೆಕ್ಕಕ್ಕೆ ಕೈ ಹಾಕುವುದು ಹೇಗೆ

ಕೆರ್-ನ್ಯೂಮನ್ ಕಪ್ಪುಕುಳಿ, ಅಂದರೆ ವಿದ್ಯುತ್ ಚಾರ್ಜ್ ಇದ್ದು ತಿರುಗುವ ಕಪ್ಪುಕುಳಿಯ ಮೇಲೆ ಕೆಲಸ ಶುರು ಮಾಡುವವರಿಗೆ ನಾನು ಹೇಳುವುದು ಒಂದೇ ಮಾತು. ಹತ್ತಾರು ಪೇಪರ್ ಓದುವ ಮುಂಚೆ ಒಂದು ಕಪ್ಪುಕುಳಿಯನ್ನು ಅಂಕಿಗಳಲ್ಲಿ ಹಿಡಿದುಕೊಳ್ಳಿ. ದ್ರವ್ಯರಾಶಿ, ತಿರುಗುವಿಕೆ, ಚಾರ್ಜ್ ಮೂರಕ್ಕೂ ಸಂಖ್ಯೆ ಕೊಟ್ಟು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಎಲ್ಲಿ ಹೊಸ ಸೂತ್ರ ಸಿಕ್ಕರೂ ಮೊದಲು ಆ ಅಂಕಿಗಳನ್ನು ಹಾಕಿ ನೋಡಿ.

ನಾನು ಇಟ್ಟುಕೊಂಡಿರುವುದು ದ್ರವ್ಯರಾಶಿ ಎಂ = 1, ತಿರುಗುವಿಕೆ ಎ = 0.48, ಚಾರ್ಜ್ ಕ್ಯೂ = 0.64. ಇಲ್ಲಿ ಗುರುತ್ವ ಸ್ಥಿರಾಂಕ ಜಿ, ಬೆಳಕಿನ ವೇಗ ಸಿ, ಜೊತೆಗೆ ಪ್ಲಾಂಕ್ (ħ), ಬೋಲ್ಟ್ಸ್‌ಮನ್ ಸ್ಥಿರಾಂಕಗಳು ಎಲ್ಲವೂ 1. ಎ ಅಂದರೆ ಕೋನೀಯ ಸಂವೇಗವನ್ನು ದ್ರವ್ಯರಾಶಿಯಿಂದ ಭಾಗಿಸಿದ್ದು. ಈ ಅಂಕಿಗಳೇ ಯಾಕೆ ಅಂದರೆ, ಎ ವರ್ಗ ಮತ್ತು ಕ್ಯೂ ವರ್ಗ ಕೂಡಿದರೆ ಸರಿಯಾಗಿ 0.64 ಬರುತ್ತದೆ. ಅದನ್ನು ಎಂ ವರ್ಗದಿಂದ ಕಳೆದರೆ 0.36, ಅದರ ವರ್ಗಮೂಲ 0.6. ಅದನ್ನು ಎಂಗೆ ಕೂಡಿದರೆ ಹೊರ ದಿಗಂತ (ಒಳಗೆ ಹೋದದ್ದು ಮರಳಲಾಗದ ಗಡಿ) 1.6ರಲ್ಲಿ, ಕಳೆದರೆ ಒಳ ದಿಗಂತ 0.4ರಲ್ಲಿ. ಕ್ಯಾಲ್ಕುಲೇಟರೇ ಬೇಡ, ಅಲ್ವಾ?

ಮೆಟ್ರಿಕ್, ಅಂದರೆ ದೇಶಕಾಲದಲ್ಲಿ ಅಂತರ ಅಳೆಯುವ ಸೂತ್ರ, ಬರೆಯುವುದಕ್ಕೆ ಹೆದರಬೇಡಿ. ಚಾರ್ಜ್ ಇಲ್ಲದೆ ತಿರುಗುವ ಕಪ್ಪುಕುಳಿಗೆ ಕೆರ್ 1963ರಲ್ಲಿ ಕೊಟ್ಟ ಪರಿಹಾರವನ್ನು ಬಾಯರ್-ಲಿಂಡ್‌ಕ್ವಿಸ್ಟ್ ನಿರ್ದೇಶಾಂಕಗಳಲ್ಲಿ ಬರೆದುಕೊಂಡು, 2ಎಂಆರ್ (ಆರ್ ಅಂದರೆ ತ್ರಿಜ್ಯದ ನಿರ್ದೇಶಾಂಕ) ಇರುವ ಕಡೆಯಲ್ಲೆಲ್ಲ 2ಎಂಆರ್‌ನಿಂದ ಕ್ಯೂ ವರ್ಗ ಕಳೆದದ್ದನ್ನು ಹಾಕಿ. ಅಷ್ಟೇ, ನ್ಯೂಮನ್ ಮತ್ತು ಜೊತೆಗಾರರು 1965ರಲ್ಲಿ ಕಂಡ ಪರಿಹಾರ ನಿಮ್ಮ ಮುಂದಿದೆ. ಆಮೇಲೆ ಕ್ಯೂ ಸೊನ್ನೆ ಮಾಡಿ, ಕೆರ್ ಬರಬೇಕು. ಎ ಸೊನ್ನೆ ಮಾಡಿ, ರೈಸ್ನರ್-ನಾರ್ಡ್‌ಸ್ಟ್ರಮ್ (ಚಾರ್ಜ್ ಇದ್ದು ತಿರುಗದ ಕಪ್ಪುಕುಳಿ) ಬರಬೇಕು. ಎರಡೂ ಸೊನ್ನೆಯಾದರೆ ಶ್ವಾರ್ಜ್‌ಶೀಲ್ಡ್. ಇದನ್ನು ಸುಮ್ನೆ ಮನಸ್ಸಿನಲ್ಲೇ ಮುಗಿಸಬೇಡಿ, ಕೈಯಲ್ಲಿ ಬರೆದು ನೋಡಿ.

ಈಗ ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಹೊರ ದಿಗಂತದ ವರ್ಗಕ್ಕೆ ಎ ವರ್ಗ ಕೂಡಿಸಿ: 2.56 + 0.2304 = 2.7904. ಈ ಒಂದು ಸಂಖ್ಯೆಯಿಂದ ಎಷ್ಟೊಂದು ಸಿಗುತ್ತದೆ ನೋಡಿ. ಅದನ್ನು 4 ಪೈನಿಂದ ಗುಣಿಸಿದರೆ ದಿಗಂತದ ವಿಸ್ತೀರ್ಣ, ಸುಮಾರು 35.07. ಅದರ ಕಾಲು ಭಾಗ ಎಂಟ್ರೊಪಿ. ಎರಡು ದಿಗಂತಗಳ ಅಂತರ 1.2ನ್ನು ವಿಸ್ತೀರ್ಣದಿಂದ ಭಾಗಿಸಿದರೆ ಹಾಕಿಂಗ್ ಉಷ್ಣತೆ, ಅಂದರೆ ಕಪ್ಪುಕುಳಿ ಸೂಸುವ ವಿಕಿರಣದ ಉಷ್ಣತೆ. 0.48ನ್ನು 2.7904ರಿಂದ ಭಾಗಿಸಿದರೆ ದಿಗಂತ ತಿರುಗುವ ವೇಗ, 0.172. ಕ್ಯೂವನ್ನು 1.6ರಿಂದ ಗುಣಿಸಿ ಅದೇ ಸಂಖ್ಯೆಯಿಂದ ಭಾಗಿಸಿದರೆ ದಿಗಂತದ ವಿದ್ಯುತ್ ವಿಭವ, 0.367. ಈಗ ಇವನ್ನೆಲ್ಲ ದ್ರವ್ಯರಾಶಿಗೆ ಜೋಡಿಸುವ ಸ್ಮಾರ್ ಸೂತ್ರಕ್ಕೆ ಬನ್ನಿ. ಉಷ್ಣತೆ ಮತ್ತು ಎಂಟ್ರೊಪಿಯ ಗುಣಲಬ್ಧದ ಎರಡರಷ್ಟು 0.6, ತಿರುಗುವ ವೇಗ ಮತ್ತು ಕೋನೀಯ ಸಂವೇಗದ ಗುಣಲಬ್ಧದ ಎರಡರಷ್ಟು 0.1651, ವಿಭವ ಮತ್ತು ಚಾರ್ಜ್‌ನ ಗುಣಲಬ್ಧ 0.2349. ಕೂಡಿದರೆ ಸರಿಯಾಗಿ 1, ಅಂದರೆ ದ್ರವ್ಯರಾಶಿಯೇ. ಮೊದಲ ಸಲ ಇದು ಕಾಗದದ ಮೇಲೆ ಕೂಡಿ ಬಂದಾಗ ಆಗುವ ಖುಷಿ ನಿಮಗೂ ಆಗಲಿ ಅಂತಲೇ ಇಷ್ಟು ಬಿಡಿಸಿ ಹೇಳಿದೆ.

ಈ ಪರೀಕ್ಷೆ ನನ್ನನ್ನು ಒಮ್ಮೆ ಉಳಿಸಿದೆ ಕೂಡ. ಒಂದು ಪೇಪರಿನ ಮೆಟ್ರಿಕ್, ಇನ್ನೊಂದು ಪೇಪರಿನ ವಿಭವ ತೆಗೆದುಕೊಂಡು ವಾರಗಟ್ಟಲೆ ಲೆಕ್ಕ ಮಾಡಿದ್ದೆ. ಒಬ್ಬರು ಗೌಸಿಯನ್ ಏಕಮಾನದಲ್ಲಿದ್ದರು, ಇನ್ನೊಬ್ಬರ ಚಾರ್ಜ್‌ನೊಳಗೆ 4 ಪೈ ಕೂತಿತ್ತು. ಮೊತ್ತ 1 ಬರಲಿಲ್ಲ ಅಂತಲೇ ಗೊತ್ತಾಗಿದ್ದು. ಹಾಗಾಗಿ ಬೇರೆಯವರ ಸೂತ್ರ ತೆಗೆದುಕೊಳ್ಳುವಾಗ ಅವರ ಏಕಮಾನ ಮತ್ತು ಚಿಹ್ನೆಗಳ ರೂಢಿ ಏನು ಅಂತ ಪಕ್ಕದಲ್ಲೇ ಬರೆದುಕೊಳ್ಳಿ.

ಇನ್ನೊಂದು ಎಚ್ಚರ. ಆರ್ = 0 ಅನ್ನುವುದು ಇಲ್ಲಿ ಒಂದು ಬಿಂದು ಅಲ್ಲ. ಅದು ಒಂದು ತಟ್ಟೆ, ವಕ್ರತೆ ಅನಂತವಾಗುವುದು ಅದರ ಅಂಚಿನ ಉಂಗುರದಲ್ಲಿ ಮಾತ್ರ.

ಟೆನ್ಸರ್ ಲೆಕ್ಕಕ್ಕೆ (ಮೆಟ್ರಿಕ್‌ನಿಂದ ವಕ್ರತೆ ತೆಗೆಯುವಂಥದ್ದಕ್ಕೆ) ಸೇಜ್‌ಮ್ಯಾತ್ ಅನ್ನುವ ಗಣಿತ ಸಾಫ್ಟ್‌ವೇರ್ ಬಳಸಿ, ಉಚಿತವಾಗಿ ಸಿಗುತ್ತದೆ. ಮ್ಯಾಥಮ್ಯಾಟಿಕಾ ಇದ್ದರೆ ಅದರೊಳಗೆ ಓಡುವ ಎಕ್ಸ್ಆಕ್ಟ್ (xAct) ಪ್ಯಾಕೇಜ್ ಕೂಡ ಚೆನ್ನಾಗಿದೆ.

ಸಂಶೋಧನೆಗೆ ಯಾವ ಪ್ರಶ್ನೆ ಆರಿಸುವುದು? ನಿಜವಾದ ಆಕಾಶದಲ್ಲಿ ಕಪ್ಪುಕುಳಿಗೆ ಜಾಸ್ತಿ ಚಾರ್ಜ್ ಉಳಿಯುವುದಿಲ್ಲ, ಸುತ್ತಲಿನ ವಿರುದ್ಧ ಚಾರ್ಜ್ ಎಳೆದುಕೊಂಡು ತಟಸ್ಥವಾಗುತ್ತದೆ. ಆದರೂ ಗುರುತ್ವ ಮತ್ತು ವಿದ್ಯುತ್ಕಾಂತತೆ ಹೇಗೆ ಹೆಣೆದುಕೊಳ್ಳುತ್ತವೆ ಅಂತ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕಷ್ಟ ಇರುವುದೂ ಅಲ್ಲೇ. ಕೆರ್ ಕಪ್ಪುಕುಳಿಯನ್ನು ಸ್ವಲ್ಪ ಅಲುಗಾಡಿಸಿದರೆ ಬರುವ ಸಮೀಕರಣಗಳನ್ನು ಟ್ಯುಕೋಲ್ಸ್ಕಿ 1972ರಲ್ಲಿ ಬಿಡಿಬಿಡಿಯಾಗಿ ಬೇರ್ಪಡಿಸಿ ತೋರಿಸಿದರು. ಚಾರ್ಜ್ ಸೇರಿದ ಕೂಡಲೇ ಗುರುತ್ವದ ಅಲೆ ವಿದ್ಯುತ್ಕಾಂತ ಅಲೆಯನ್ನು ಎಬ್ಬಿಸುತ್ತದೆ, ಅದು ಇದನ್ನು ಎಬ್ಬಿಸುತ್ತದೆ, ಹಾಗಾಗಿ ಬೇರ್ಪಡಿಸುವ ಆ ಜಾಣ್ಮೆ ಇಲ್ಲಿ ನಡೆಯುವುದಿಲ್ಲ. 2015ರಲ್ಲಿ ಡಯಾಸ್, ಗೊದಾಜ್ಗರ್, ಸ್ಯಾಂಟೋಸ್ ಹೀಗೆ ಒಂದಕ್ಕೊಂದು ಜೋಡಿಕೊಂಡ ಆಂಶಿಕ ಅವಕಲ ಸಮೀಕರಣಗಳನ್ನೇ ಕಂಪ್ಯೂಟರಿನಲ್ಲಿ ನೇರವಾಗಿ ಬಿಡಿಸಿದರು, ಬೆಳೆಯುತ್ತಲೇ ಹೋಗುವ ಅಸ್ಥಿರ ಅಲೆ ಅವರಿಗೆ ಸಿಗಲಿಲ್ಲ.

ಮೊದಲ ಕೆಲಸಕ್ಕೆ ಅಲ್ಲಿಗೆ ಹೋಗಬೇಡಿ. ದ್ರವ್ಯರಾಶಿಯೂ ಚಾರ್ಜೂ ಇಲ್ಲದ ಸ್ಕೇಲಾರ್ ಅಲೆಯಿಂದ (ಪ್ರತಿ ಬಿಂದುವಿಗೂ ದಿಕ್ಕಿಲ್ಲದ ಒಂದು ಸಂಖ್ಯೆ ಮಾತ್ರ ಇರುವ ಅಲೆ) ಶುರು ಮಾಡಿ. ಅದರ ಸಮೀಕರಣ ಸಲೀಸಾಗಿ ಬೇರ್ಪಡುತ್ತದೆ, ಪೈಥಾನ್‌ನಲ್ಲಿ ಬಿಡಿಸಬಹುದು. ದಿಗಂತದಲ್ಲಿ ಅಲೆ ಒಳಗೆ ಮಾತ್ರ ಹೋಗಬೇಕು ಅನ್ನುವ ಷರತ್ತು ಹಾಕಿ, ಹೊರಗಿನಿಂದ ಬಂದ ಅಲೆ ಎಷ್ಟು ಮರಳುತ್ತದೆ ಅಂತ ಲೆಕ್ಕ ಹಾಕಿ. ನಮ್ಮ ಅಂಕಿಗಳಲ್ಲಿ, ಅಲೆ ಅಕ್ಷದ ಸುತ್ತ ಹೇಗೆ ಬದಲಾಗುತ್ತದೆ ಅನ್ನುವ ಕೋನೀಯ ಸಂಖ್ಯೆ (ಸಣ್ಣ m, ದ್ರವ್ಯರಾಶಿ ಎಂ ಅಲ್ಲ) 1 ಆದಾಗ, ಕೋನೀಯ ಆವರ್ತ 0.172ಕ್ಕಿಂತ ಕಡಿಮೆಯಿದ್ದರೆ ಹೋದದ್ದಕ್ಕಿಂತ ಜಾಸ್ತಿ ಮರಳಿ ಬರಬೇಕು, ಮೇಲಿದ್ದರೆ ಕಡಿಮೆ. ಮರಳಿದ್ದು ಹೋದದ್ದಕ್ಕೆ ಸಮ ಅನ್ನುವ ಗೆರೆಯನ್ನು ಗ್ರಾಫ್ 0.172 ಬಿಟ್ಟು ಬೇರೆಲ್ಲೋ ದಾಟಿದರೆ ಮೊದಲು ದಿಗಂತದ ಷರತ್ತಿನ ಚಿಹ್ನೆ ನೋಡಿ, ಸಾಮಾನ್ಯವಾಗಿ ತಪ್ಪು ಅಲ್ಲೇ ಸಿಗುತ್ತದೆ.