ಕುರುಚಲು ಸವರುವ ಕತ್ತಿ: ಕೊಳ್ಳುವಾಗ ಏನನ್ನು ನೋಡಬೇಕು?

ಮಳೆ ಹಿಂದೆ ಸರಿದು ಗೋವಾದ ಸತ್ತರಿ, ಸಾಂಗೆ, ಕಾಣಕೋಣದ ಗುಡ್ಡಗಳು ಒಣಗತೊಡಗಿದಂತೆ ಗೇರುತೋಟ ಸವರುವ ಕೆಲಸ ಶುರುವಾಗುತ್ತದೆ. ಬೇಸಿಗೆಯಲ್ಲಿ ಉದುರುವ ಹಣ್ಣನ್ನು ನೆಲದಿಂದಲೇ ಆರಿಸಬೇಕಾದ್ದರಿಂದ ಮರದ ಬುಡದಲ್ಲಿ ಕಮ್ಯುನಿಸ್ಟ್ ಗಿಡ, ಲಂಟಾನದಂಥ ಕಳೆಪೊದೆಗಳು ಉಳಿಯುವಂತಿಲ್ಲ. ಗೋವಾದಲ್ಲಿ ನೆಲೆಸಿ ತುಂಡು ಜಮೀನು ಮಾಡಿಕೊಂಡಿರುವ ಕನ್ನಡಿಗರು ಇದಕ್ಕಾಗಿ ಮಾಪ್ಸಾದ ಶುಕ್ರವಾರದ ಸಂತೆಗೆ ಹೋದಾಗ, ಎಲ್ಲಕ್ಕಿಂತ ಉದ್ದವಾದ ಕತ್ತಿಯತ್ತ ಕೈ ಚಾಚುವುದು ಸಹಜ. ಆದರೆ ಉದ್ದಕ್ಕಿಂತ ಮೊದಲು ನೋಡಬೇಕಾದದ್ದು ಅಲಗಿನ ದಪ್ಪವನ್ನು.

ಹುಲ್ಲು, ಎಳೆಯ ಕಾಂಡ, ಬಳ್ಳಿಗಳನ್ನು ಬೀಸಿ ಕಡಿಯಲು ಎರಡು-ಮೂರು ಮಿಲಿಮೀಟರ್ ದಪ್ಪದ, ಸುಮಾರು 18 ಇಂಚು ಉದ್ದದ ಮಚೆಟೆ (ತೆಳು ಅಲಗಿನ ಉದ್ದ ಕತ್ತಿ) ಸಾಕು. ಮಣಿಕಟ್ಟಿನಷ್ಟು ದಪ್ಪದ ಕೊಂಬೆಗೆ ಅದೇ ಅಲಗನ್ನು ಹಾಕಿದರೆ ಅದು ಕಂಪಿಸುತ್ತದೆ, ಇಲ್ಲವೇ ಕಡಿದ ಸೀಳಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಥ ಕೆಲಸಕ್ಕೆ ಬೆನ್ನಿನ ಬಳಿ ಐದಾರು ಮಿಲಿಮೀಟರ್ ದಪ್ಪವಿದ್ದು ಬಾಯಿಯತ್ತ ಕ್ರಮವಾಗಿ ತೆಳುವಾಗುವ ಅಲಗು ಬೇಕು. ಗೇರುಗುಡ್ಡದಲ್ಲಿ ಇವೆರಡೂ ಕೆಲಸ ಒಟ್ಟಿಗೇ ಬರುತ್ತವೆ, ಜೊತೆಗೆ ಕಾಲಿಟ್ಟಲ್ಲೆಲ್ಲ ಚಿರೆಕಲ್ಲು. ಒಂದೇ ಕತ್ತಿ ಕೊಳ್ಳುವವರಿಗೆ ತುದಿ ಬಾಗಿದ, ನಡುಗಾತ್ರದ ಕೊಯ್ತಾ ಎಂಬ ಕತ್ತಿಯೇ ಸೂಕ್ತವೆಂದು ನಾನು ಹೇಳುತ್ತೇನೆ. ಏಟು ತಪ್ಪಿ ನೆಲಕ್ಕೆ ಇಳಿದಾಗ ಅನೇಕ ಸಲ ಕೊಕ್ಕೆಯೇ ಮೊದಲು ಕಲ್ಲಿಗೆ ತಾಗಿ ಬಾಯಿ ಉಳಿಯುತ್ತದೆ. ಮುಳ್ಳಿನ ಬಳ್ಳಿಯನ್ನು ಕೈಯಿಂದ ಮುಟ್ಟದೆ ಎಳೆದುಕೊಳ್ಳಲೂ ಬರುತ್ತದೆ.

ಉಕ್ಕಿನ ವಿಷಯದಲ್ಲಿ ಆತುರ ಬೇಡ. ಹೊಳೆಯುವ ಅಗ್ಗದ ಸ್ಟೇನ್‌ಲೆಸ್ ಅಲಗನ್ನು ಬಿಟ್ಟು, ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದ ಕಪ್ಪು ಅಲಗನ್ನು ಆರಿಸಿಕೊಳ್ಳಿ. ಅದು ತುಕ್ಕು ಹಿಡಿಯುತ್ತದೆ, ನಿಜ. ಆದರೆ ಏಟನ್ನು ತಾಳಿಕೊಳ್ಳುತ್ತದೆ ಮತ್ತು ತೋಟದಲ್ಲೇ ಅರದಿಂದ ಮಸೆಯಲು ಸಿಗುತ್ತದೆ. ಹದವನ್ನು ಪರೀಕ್ಷಿಸಲು ಅಂಗಡಿಯವರನ್ನು ಕೇಳಿ ಬಾಯಿಯ ಮೇಲೆ ಅರವನ್ನು ಒಮ್ಮೆ ಎಳೆಯಬೇಕು. ಅರ ಕಚ್ಚದೆ ಜಾರಿದರೆ ಉಕ್ಕು ಅತಿಯಾಗಿ ಗಟ್ಟಿಯಾಗಿದೆ, ಕಲ್ಲಿಗೆ ತಾಗಿದಾಗ ಚಕ್ಕೆ ಏಳಬಹುದು. ಮೆತ್ತನೆಯ ಕಬ್ಬಿಣದಂತೆ ಸಲೀಸಾಗಿ ಸವೆದರೆ ಬಾಯಿ ಬಹುಬೇಗ ಮಡಚುತ್ತದೆ. ಸ್ವಲ್ಪ ತಡೆದು ಕಚ್ಚುವ ಅಲಗೇ ಒಳ್ಳೆಯದು. ಬಳಿಕ ಅದನ್ನು ಬೆಳಕಿಗೆ ಹಿಡಿದು, ಬೆನ್ನು ನೇರವಾಗಿದೆಯೇ, ಬಾಯಿಯಲ್ಲಿ ಕೂದಲೆಳೆಯಂಥ ಬಿರುಕಿದೆಯೇ ಎಂದು ನೋಡಬೇಕು.

ಹಿಡಿ ಕಳಚಿದ ಕತ್ತಿ ಪಕ್ಕದಲ್ಲಿ ನಿಂತವರ ಜೀವಕ್ಕೇ ಅಪಾಯ. ಆದ್ದರಿಂದ ಅಲಗಿನ ಬಾಲವು, ಅಂದರೆ ಹಿಡಿಯೊಳಗೆ ಹೋಗುವ ಭಾಗವು, ಹಿಡಿಯ ಉದ್ದಕ್ಕೂ ಹಾಯ್ದು ಕೊನೆಯಲ್ಲಿ ಬಡಿದು ಮಡಚಿರಬೇಕು, ಅಥವಾ ಎರಡೂ ಕಡೆ ಮರವಿಟ್ಟು ರಿವೆಟ್ ಹಾಕಿರಬೇಕು. ಅಲಗು ಹಿಡಿಯನ್ನು ಸೇರುವ ಕತ್ತಿನಲ್ಲಿ ಲೋಹದ ಬಳೆ ಬಿಗಿಯಾಗಿರಬೇಕು. ಅರ್ಧಕ್ಕೇ ನಿಂತ ಬಾಲಕ್ಕೆ ಅರಗು ತುಂಬಿದ ಕತ್ತಿಯನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಹಿಡಿ ಅಂಡಾಕಾರವಾಗಿದ್ದು ತುದಿಯಲ್ಲಿ ಉಬ್ಬಿದ್ದರೆ ಬೆವರಿದ ಕೈಯಿಂದ ಜಾರುವುದಿಲ್ಲ.

ತೂಕ 600ರಿಂದ 800 ಗ್ರಾಂ ಇದ್ದರೆ ಬಹುತೇಕರಿಗೆ ಅರ್ಧ ದಿನದ ಕೆಲಸಕ್ಕೆ ಸರಿ. ಒಂದೇ ಮಗ್ಗುಲಲ್ಲಿ ಮಸೆದ ಅಲಗು ಸಾಮಾನ್ಯವಾಗಿ ಬಲಗೈಯವರಿಗಾಗಿ ಮಾಡಿದ್ದು; ಎಡಚರು ಎರಡೂ ಮಗ್ಗುಲು ಮಸೆದದ್ದನ್ನು ಕೇಳಿ ಪಡೆಯಬೇಕು.

2016ರ ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಶಸ್ತ್ರವೆಂದು ಎಣಿಸಿದರೂ ಕೃಷಿಗೆಂದು ಮಾಡಿದ್ದನ್ನು ಹೊರಗಿಟ್ಟಿವೆ. ಆದರೂ ರಸೀದಿ ಪಡೆದು, ಅಲಗನ್ನು ಗೋಣಿಯಲ್ಲಿ ಸುತ್ತಿ ಒಯ್ಯುವುದು ಕ್ಷೇಮ. ಸವರುವಾಗ ನಿಂತ ಮರಕ್ಕೆ ಕೈಹಾಕುವಂತಿಲ್ಲ. ಅದಕ್ಕೆ ಗೋವಾದ 1984ರ ಮರ ಸಂರಕ್ಷಣಾ ಕಾಯಿದೆಯಡಿ ಅನುಮತಿ ಬೇಕು.

ಸಂತೆಯಿಂದ ತಂದ ಕತ್ತಿಗೆ ಹೆಚ್ಚಾಗಿ ಒರಟು ಬಾಯಿಯಷ್ಟೇ ಇರುತ್ತದೆ. ಪ್ರತಿ ಮಗ್ಗುಲಿಗೆ 20ರಿಂದ 25 ಡಿಗ್ರಿ ಓರೆಯಲ್ಲಿ ಅರ ಹಾಕಿ, ಸಾಣೆಕಲ್ಲಿನಿಂದ ಮುಗಿಸಬೇಕು. ಕೆಲಸದ ನಂತರ ಸೊನೆ ಒರೆಸಿ ಎಣ್ಣೆ ಸವರಿ, ಮಳೆಗಾಲದ ನಾಲ್ಕು ತಿಂಗಳು ಕತ್ತಿಯನ್ನು ಚರ್ಮದ ಒರೆಯಿಂದ ಹೊರಗೆ, ಗಾಳಿಯಾಡುವಲ್ಲಿ ತೂಗುಹಾಕಬೇಕು. ಒರೆ ಹೀರಿಕೊಂಡ ತೇವವೇ ಅಲಗನ್ನು ತಿನ್ನುತ್ತದೆ.